ಮಡುವಿನ ನೀರು ತಿರುಗಿದ ವಾರ

ಎಂಬತ್ತರ ದಶಕದ ಆರಂಭದಲ್ಲಿ ನಾನು ಅಂತರ್ಜಲ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಬೇಸಿಗೆಯಲ್ಲಿ ತಿಗನಾರೆಯ ಹಳ್ಳಕ್ಕೆ ಕಳಿಸಿದರು. ತಿಳಿಯಬೇಕಾಗಿದ್ದದ್ದು ಇಷ್ಟೇ: ಹಳ್ಳದ ನೀರು ನೆಲಕ್ಕಿಳಿದು ಬಾವಿಗಳಿಗೆ ಹೋಗುತ್ತದೆಯೋ, ಇಲ್ಲ ನೆಲದೊಳಗಿನ ನೀರೇ ಹಳ್ಳಕ್ಕೆ ಬರುತ್ತದೆಯೋ?

ನಮ್ಮ ಸಾಧನ ನೋಡಿದರೆ ನಗು ಬರುವಂತಿತ್ತು. ಅಡ್ಡಕ್ಕೆ ಕೊಯ್ದ ಅರ್ಧ ಎಣ್ಣೆ ಡ್ರಮ್ಮು, ಅದರ ತಲೆಯಲ್ಲೊಂದು ತೂತು, ತೂತಿಗೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ. ಡ್ರಮ್ಮನ್ನು ಬೋರಲು ಹಾಕಿ ಹಳ್ಳದ ತಳದ ಮರಳಿಗೆ ಒತ್ತಿ, ಚೀಲಕ್ಕೆ ಅಳೆದ ನೀರು ತುಂಬಿ ಕಟ್ಟಬೇಕು. ಸಂಜೆಗೆ ಚೀಲದ ನೀರು ಹೆಚ್ಚಿದ್ದರೆ ನೆಲ ಕೊಡುತ್ತಿದೆ ಎಂದರ್ಥ. ಕಡಿಮೆಯಾಗಿದ್ದರೆ ಹೀರುತ್ತಿದೆ.

ಹಳ್ಳದಲ್ಲಿದ್ದ ದೊಡ್ಡ ಬಂಡೆಯ ಬಳಿ ಒಂದು, ಸ್ವಲ್ಪ ಕೆಳಗಿನ ಮಡುವಿನಲ್ಲಿ ಇನ್ನೊಂದು ಡ್ರಮ್ಮು ಹೂತೆ. ಸಂಜೆ ನೋಡಿದರೆ ಬಂಡೆಯ ಚೀಲ ಉಬ್ಬಿತ್ತು, ಮಡುವಿನ ಚೀಲ ಸೊರಗಿತ್ತು. ಕೂಗಳತೆಯ ದೂರದಲ್ಲಿ ಒಂದೇ ಹಳ್ಳ ಎರಡು ರೀತಿ ಇರಲು ಸಾಧ್ಯವೇ? ಚೀಲ ಸೋರಿದೆ ಎಂದುಕೊಂಡು ಹೊಸದನ್ನು ಕಟ್ಟಿದೆ. ಮರುದಿನ ಅದೂ ಸೊರಗಿತು.

ಅಲ್ಲಿಗೆ ದನ ಹೊಡೆದುಕೊಂಡು ಬರುತ್ತಿದ್ದ, ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಎರಡು ದಿನದಿಂದ ನನ್ನನ್ನು ನೋಡುತ್ತಿದ್ದಳು.

“ಚೀಲ ತೂತಾಗಿದೆ ಕಣವ್ವ,” ಎಂದೆ.

“ಚೀಲ ನೆಟ್ಟಗದೆ ಕಣಪ್ಪ. ಆ ಮಡೂಲಿ ನೆಲ ನೀರು ಕುಡಿತದೆ. ಬಂಡೆ ತಾವ ಕೊಡ್ತದೆ. ಚಪ್ಲಿ ಬುಟ್ಟು ಇಳಿ, ಕಾಲಿಗೇ ಗೊತ್ತಾಯ್ತದೆ.”

ಇಳಿದೆ. ಬಂಡೆಯ ಬಳಿ ಮರಳಿಗೆ ಬೆರಳು ಹೂತರೆ ನೆಲದಡಿಯಿಂದ ಬರುವ, ಕೊರೆಯುವ ತಣ್ಣೀರು. ಮಡುವಿನಲ್ಲಿ ಎಷ್ಟು ಆಳಕ್ಕೆ ಒತ್ತಿದರೂ ಬಿಸಿಲಿಗೆ ಕಾದು ಮೇಲಿನಿಂದ ಇಳಿದ ಬೆಚ್ಚನೆಯ ನೀರು. ಥರ್ಮಾಮೀಟರು ಇಟ್ಟೆ, ಅದೂ ಅವಳ ಮಾತನ್ನೇ ಹೇಳಿತು. ಮಡುವಿನ ಪಕ್ಕದ ಬಾವಿಯ ಮಟ್ಟ ಅಳೆದಾಗ ಅದರ ನೀರು ಹಳ್ಳಕ್ಕಿಂತ ಕೆಳಗಿತ್ತು. ಹಳ್ಳವೇ ಬಾವಿಗೆ ಉಣಿಸುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ಈ ಸಲ ಮಡುವಿನ ಚೀಲವೂ ಉಬ್ಬಿತ್ತು! ಅವಳನ್ನು ಹುಡುಕಿಕೊಂಡು ಹೋಗಿ ಹೇಳಿದೆ.

“ಸುಳ್ಳೇಳ್ಬ್ಯಾಡ,” ಎಂದು ಅವಳೇ ಬಂದು ಸೀರೆ ಎತ್ತಿ ಕಟ್ಟಿ ಮಡುವಿಗಿಳಿದಳು. ಮರುಕ್ಷಣ ಕಾಲು ಹಿಂದಕ್ಕೆಳೆದುಕೊಂಡಳು. “ಅಯ್ಯ ಶಿವನೆ, ತಣ್ಣಗದಲ್ಲಪ್ಪ! ಮಳೆ ದಿನ್ದಲ್ಲಿ, ಅದು ಕಳೆದ ಮ್ಯಾಲೂ ಸೆಳವು ಅಂತ ನಾನಿಲ್ಲಿಗೆ ಇಳ್ದೇ ಇರ್ನಿಲ್ಲ.”

ಬಾವಿಯಲ್ಲಿ ನೀರು ಏರಿ ಹಳ್ಳಕ್ಕಿಂತ ಮೇಲೆ ನಿಂತಿತ್ತು. ಅದನ್ನು ಅವಳಿಗೆ ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ನನಗೆ ಹೊಳೆದೇ ಇರದ ಪ್ರಶ್ನೆ ಕೇಳಿದಳು:

“ಅಂಗಾರೆ ಇದು ತಿರುಗಾದು ಯಾವತ್ತು?”

“ಗೊತ್ತಿಲ್ಲವ್ವ. ನಾನು ದಿನಾ ಇಲ್ಲಿರಕ್ಕಾಗಲ್ವಲ್ಲ.”

“ನಾನಿರ್ತೀನಲ್ಲ.”

ಬೇಸಿಗೆಗೆ ಹೋದಾಗ ಉತ್ತರ ಕಾದಿತ್ತು. ರಾಗಿ ಕುಯ್ದು ಕಣಕ್ಕೆ ಹಾಕಿದ ವಾರ ಮಡು ಬೆಚ್ಚಗಾಯಿತಂತೆ. ಒಂದು ದಿನವೂ ತಪ್ಪದೆ ಇಳಿದು ನೋಡಿದ್ದಳು.

ಅದನ್ನು ಹಾಗೆಯೇ ಅಳತೆಯ ಪುಸ್ತಕದಲ್ಲಿ ಬರೆದೆ. ನಮ್ಮ ಇಂಜಿನಿಯರು ಓದಿ, “ಇದನ್ನು ಯಾವ ಸಾಧನದಿಂದ ಅಳೆದೆ?” ಎಂದರು. ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೇನೋ ಎಂದು ಕಾದೆ. ಅವರು ಆ ಸಾಲಿನ ಕೆಳಗೆ ಗೆರೆ ಎಳೆದರು. “ಈ ವರ್ಷ ಆ ವಾರ ನಾವೂ ಅಲ್ಲಿರೋಣ,” ಎಂದರು.