ಒಲೆಯ ಮೇಲೆ ಒಣಗಿಸಿದ ಮ್ಯಾಗ್ನೆಟೋ

ಗಂಡನ ಹೆಸರು ಹೇಳುವ ರೂಢಿ ನಮ್ಮ ಕಾಲದ ಹೆಂಗಸರಿಗೆ ಇರಲಿಲ್ಲ, ನನಗೆ ಈಗಲೂ ಇಲ್ಲ. ಹಾಗಾಗಿ ಇಲ್ಲಿ ಅವರು ಬರೀ ನಮ್ಮ ಯಜಮಾನರು. ಅವರ ಹೆಸರು ಹೇಳಲಾರೆ, ಆದರೆ ಅವರ ಮೋಟರ್ ಸೈಕಲ್ಲಿನ ಹೊಟ್ಟೆಯೊಳಗೆ ಏನೇನಿತ್ತು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸಾಗರದ ಬಾಡಿಗೆ ಮನೆಯ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಲಿತ ವಿದ್ಯೆ ಅದು. ಸುಡುಗಾಡು, ಯಾವ ಉಪಯೋಗಕ್ಕೂ ಬರಲಿಲ್ಲ.

ನಾನು ಅರಳಸುರಳಿ ಕಡೆಯವಳು. ಅಪ್ಪನಿಗೆ ಗದ್ದೆ ಇತ್ತು, ಗಂಡುಮಕ್ಕಳಿರಲಿಲ್ಲ, ನಾನೊಬ್ಬಳೇ. ಆದ್ದರಿಂದ ಮನೆ ಅಳಿಯನಾಗಿ ಬಂದು ಇರುವವನಿಗೇ ಮಗಳನ್ನು ಕೊಡುವುದು ಎಂದು ಅಪ್ಪ ಮೊದಲಿನಿಂದಲೂ ಹೇಳುತ್ತಿದ್ದ. ಯಜಮಾನರ ಮನೆಯವರು ಬ್ಯಾಕೋಡು ಕಡೆ ಗೇಣಿ ಗದ್ದೆ ಮಾಡಿಕೊಂಡಿದ್ದವರು. ಅಣೆಕಟ್ಟು ತುಂಬಿದಾಗ ಆ ಗದ್ದೆ, ಮನೆ ಎಲ್ಲ ನೀರಿನಡಿ ಹೋಯಿತು. ಪರಿಹಾರವೆಲ್ಲ ಒಡೆಯರಿಗೆ, ಇವರಿಗೆ ಸೊನ್ನೆ. ಇವರು ಆಗ ಅದೇ ಅಣೆಕಟ್ಟಿನ ಲಾರಿ ರಿಪೇರಿ ಶೆಡ್ಡಿನಲ್ಲಿ ಫಿಟ್ಟರಿನ ಕೈಕೆಳಗೆ ದುಡಿಯುತ್ತಿದ್ದರು. ತಮ್ಮ ಮನೆ ಮುಳುಗಿಸುವ ಕೆಲಸಕ್ಕೆ ತಾವೇ ಸ್ಪ್ಯಾನರ್ ಹಿಡಿದವರು. ಹೆಣ್ಣು ನೋಡಲು ಬಂದಾಗಲೇ ಅಪ್ಪನ ಮುಖಕ್ಕೆ ಹೇಳಿಬಿಟ್ಟರು: "ಹುಡುಗಿ ಕೊಟ್ರೆ ಕೊಡಿ, ಬಿಟ್ರೆ ಬಿಡಿ. ನಾನಂತೂ ನಿಮ್ಮನೇಲಿ ಬಂದು ಕೂತ್ಕಳಲ್ಲ." ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಆ ಮಾತು ಕೇಳಿಯೇ ಅವರು ಹಿಡಿಸಿಬಿಟ್ಟರು. ಅಪ್ಪ ಗೊಣಗಿಕೊಂಡು ಒಪ್ಪಿದ, ಮದುವೆಯಾಗಿ ನಾವು ಸಾಗರದಲ್ಲಿ ಬಿಡಾರ ಹೂಡಿದೆವು.

ಮನೆ ಅಳಿಯ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅವನಿಗೆ ಊರು ಹೋಯಿತು, ಮನೆತನ ಹೋಯಿತು, ಸಾಯುವ ತನಕ ಜನರ ಬಾಯಲ್ಲಿ ಅವನು ಇಂಥವರ ಮನೆ ಅಳಿಯ. ಆಳಾದರೂ ಜಗಳ ಮಾಡಿ ಬೇರೆ ಮನೆ ಸೇರಿಕೊಳ್ಳಬಹುದು, ಮನೆ ಅಳಿಯನಿಗೆ ಆ ದಾರಿಯೂ ಇಲ್ಲ.

ಅಣೆಕಟ್ಟಿನ ಕೆಲಸ ಮುಗಿಯಿತು, ಜನರನ್ನೆಲ್ಲ ಮನೆಗೆ ಕಳಿಸಿದರು. ಸುದ್ದಿ ತಿಳಿದ ಅಪ್ಪ ಸಾಗರಕ್ಕೆ ಬಂದ. ಹಾಕಿದ ಕಾಫಿಯನ್ನೂ ಮುಟ್ಟದೆ ಹೇಳಿದ: "ದೀಪಾವಳಿ ತನಕ ಕಾಯ್ತೀನಿ ಅಳಿಯಂದ್ರೇ. ಅಷ್ಟ್ರಲ್ಲಿ ಒಂದು ದಾರಿ ಆದ್ರೆ ಚಲೋದಾಯ್ತು. ಇಲ್ದಿದ್ರೆ ಹಬ್ಬಕ್ಕೆ ಬಂದವ್ರು ಅಲ್ಲೇ ಉಳೀರಿ. ನನ್ನ ಮಗಳು ಉಪವಾಸ ಇರೋದು ನಂಗೆ ನೋಡಕ್ಕಾಗಲ್ಲ." ಅಪ್ಪ ಹೋದ ಮೇಲೆ ನಾನೇ ಹಾರಾಡಿದೆ. ನನ್ನ ಒಲೆ, ನನ್ನ ಬಾಗಿಲು, ನನ್ನ ಚಿಲಕ, ಇದನ್ನು ಬಿಟ್ಟು ನಾನು ಎಲ್ಲಿಗೂ ಬರುವವಳಲ್ಲ ಎಂದು ಗೋಡೆಗೆ ಕೇಳುವಂತೆ ಕೂಗಿದೆ.

ಅವರ ಹತ್ತಿರ ಇದ್ದ ಆಸ್ತಿ ಎಂದರೆ ಒಂದು ಹಳೇ ಮೋಟರ್ ಸೈಕಲ್. ಯುದ್ಧದ ಕಾಲದ ಮಿಲಿಟರಿ ಗಾಡಿ. ಯಾವುದೋ ಸಾಹೇಬರು ಓಡಿಸಿ ಬಿಟ್ಟದ್ದು ಶೆಡ್ಡಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಬಿದ್ದಿತ್ತು. ಶೆಡ್ಡು ಖಾಲಿ ಮಾಡುವಾಗ ಇವರು ಕೇಳಿದ್ದಕ್ಕೆ "ತಗಂಡ್ ಹೋಗಯ್ಯ, ಜಾಗ ಖಾಲಿ ಆದ್ರೆ ಸಾಕು" ಅಂದರಂತೆ. ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ತಂದರು. ತುಕ್ಕು ಉಜ್ಜಿದರು, ಪಿಸ್ಟನ್ನಿಗೆ ರಿಂಗು ಹಾಕಿದರು, ಟ್ಯಾಂಕಿಗೆ ಹಸಿರು ಬಣ್ಣ ಬಳಿದರು. ಇದರ ಮೇಲೆ ನಮ್ಮ ಬದುಕು ನಿಂತದ್ದು ಹೇಗೆಂದರೆ, ಸಾಗರದ ಪೇಪರ್ ಏಜೆಂಟರೊಬ್ಬರಿಗೆ ಹೊಸನಗರಕ್ಕೆ ಪೇಪರ್ ಮುಟ್ಟಿಸುವ ಜನ ಬೇಕಿತ್ತು. ರೈಲಿನಲ್ಲಿ ಬೆಳಿಗ್ಗೆ ಬಂದಿಳಿದ ಪೇಪರ್ ಬಸ್ಸಿನಲ್ಲಿ ಹೊಸನಗರ ಸೇರುವಾಗ ಸಂಜೆ. ಏಜೆಂಟರು ಹೇಳಿದ್ದು ಇಷ್ಟು: "ಚೌತಿ ಕಳೆದ ಮೇಲೆ ಶುರು ಮಾಡು. ಮಧ್ಯಾಹ್ನದೊಳಗೆ ಮುಟ್ಬೇಕು. ದೀಪಾವಳಿ ತನಕ ತಪ್ಪದೇ ಮುಟ್ಟಿಸಿದ್ರೆ ಆ ಲೈನು ನಿಂದು." ದೀಪಾವಳಿ ಎಂಬ ಮಾತು ಇಬ್ಬರ ಬಾಯಲ್ಲೂ ಬಂತಲ್ಲ, ದೇವರೇ ಕೂಡಿಸಿಕೊಟ್ಟ ಎಂದುಕೊಂಡೆವು. ಎಂಥಾ ದೇವರು!

ಗಾಡಿ ಪೂರ್ತಿ ಜೋಡಣೆಯಾದಾಗ ಆಷಾಢದ ಮಳೆ. ಒದ್ದರೆ ಬುಸ್ ಎನ್ನುತ್ತಿತ್ತೇ ಹೊರತು ಹೊತ್ತಿಕೊಳ್ಳುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ಕೆಂಪಗೆ, ಸತ್ತಂತೆ. ಆ ಗಾಡಿಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡ ಒಂದು ಲೋಹದ ಡಬ್ಬಿ, ಅದರೊಳಗೆ ತಂತಿ ಸುತ್ತಿದ ಉರುಳೆ. ಎಂಜಿನ್ನು ಅದನ್ನು ತಿರುಗಿಸಿದಾಗ ಕಿಡಿ ಹುಟ್ಟುತ್ತದೆ. ಅದಕ್ಕೆ ಮ್ಯಾಗ್ನೆಟೋ ಎನ್ನುತ್ತಾರೆ. ವರ್ಷಗಟ್ಟಲೆ ಮಳೆಯಲ್ಲಿ ಬಿದ್ದಿದ್ದರಿಂದ ತಂತಿಗೆ ಶೀತ ಹಿಡಿದಿದೆ ಎಂದು ಇವರು ತೀರ್ಮಾನ ಮಾಡಿದರು. ಅಲ್ಲಿಯ ತನಕ ಸರಿಯೇ ಇತ್ತು.

ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಒಣಗಿಸಲು ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ ಜಾಗ, ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ತಟ್ಟಿ. ಕಂಬಳಿ, ಬೆಂಕಿಪೊಟ್ಟಣ, ಹಲಸಿನ ಬೀಜ, ಕೂಸಿನ ಬಟ್ಟೆ, ಎಲ್ಲ ಅಲ್ಲಿಗೇ. ಇವರು ಮ್ಯಾಗ್ನೆಟೋ ಬಿಚ್ಚಿ ತಂದು ಅದರ ಮೇಲಿಟ್ಟು, "ಬೆಂಕಿ ಆರಿಸ್ಬೇಡ ಮಾರಾಯ್ತಿ, ಚೆನ್ನಾಗಿ ಉರಿಸು" ಅಂದರು. ನಾನು ದೊಡ್ಡ ದೊಡ್ಡ ಸೌದೆ ಕುಂಟೆ ಇಟ್ಟು ಉರಿಸಿದೆ. ಮರುದಿನ ಬಟ್ಟೆ ಸುತ್ತಿ ಕೆಳಗಿಳಿಸಿ, ಅಡುಗೆಮನೆಯಲ್ಲೇ ಕೈಯಿಂದ ತಿರುಗಿಸಿದರು. ಚಟ್ ಎಂದು ನೀಲಿ ಕಿಡಿ! ನನ್ನ ಕೈಗೆ ವಯರು ಕೊಟ್ಟು ಮತ್ತೆ ತಿರುಗಿಸಿದರು, ನಾನು ಕಿರುಚಿಕೊಂಡು ಅತ್ತ ಹಾರಿದೆ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಮನೆಯಲ್ಲಿ ನಾವು ಹಾಗೆ ನಕ್ಕದ್ದು ಅದೇ ಕೊನೆ.

ಮ್ಯಾಗ್ನೆಟೋ ತೆಗೆದು ಮತ್ತೆ ಹಾಕಿದರೆ ಟೈಮಿಂಗ್ ಕೂರಿಸಬೇಕು. ಪಿಸ್ಟನ್ನು ಮೇಲೇರುತ್ತಾ ತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ತೀರಾ ಮೊದಲಾದರೆ ಗಾಡಿ ಹಿಂದಕ್ಕೆ ಒದೆಯುತ್ತದೆ, ತಡವಾದರೆ ಕಾದು ಕೆಂಡವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಇವರು ಪ್ಲಗ್ಗಿನ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿ, ಗೇರು ಹಾಕಿ, ಹಿಂದಿನ ಚಕ್ರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. ಮ್ಯಾಗ್ನೆಟೋದೊಳಗೆ ಕೂಡಿ ಬಿಡುವ ಎರಡು ಲೋಹದ ತುದಿಗಳಿಗೆ ಪಾಯಿಂಟು ಎನ್ನುತ್ತಾರೆ, ಅದರ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿದಿರುವುದು ನನ್ನ ಕೆಲಸ. ಪಾಯಿಂಟು ಬಾಯಿ ಬಿಟ್ಟ ಕ್ಷಣ ಕಾಗದ ಸಡಿಲಾಗುತ್ತದೆ, ಕಿಡಿ ಹಾರುವುದೂ ಆಗಲೇ.

"ಬಿಡ್ತಾ?"

"ಇಲ್ಲ."

"ಈಗ?"

"ತಡೀರಿ... ಹಾಂ, ಬಿಡ್ತು!"

ಅಲ್ಲಿಗೆ ಉರುಳೆ ತಿರುಗಿಸುವ ಹಲ್ಲಿನ ಚಕ್ರವನ್ನು ಅದರ ಕಂಬಿಗೆ ಬಿಗಿದುಬಿಟ್ಟರೆ ಆಯಿತು. ಗಾಡಿ ಮೊದಲನೇ ಒದೆತಕ್ಕೇ ಹೊತ್ತಿತು. ಚೌತಿಯ ಮೋದಕಕ್ಕಿಂತ ಅದರ ಸದ್ದೇ ನನಗೆ ಸಿಹಿಯಾಗಿತ್ತು.

ಪೇಪರ್ ಹೊತ್ತು ಹೊರಟ ಮೊದಲ ದಿನವೇ ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ್ದೇ ಸೈಲೆನ್ಸರಿನಲ್ಲಿ ಢಂ ಢಂ ಎಂದು ಹೊಡೆದು, ಪೈಪು ನೀಲಿಗಟ್ಟಿ, ನಿಂತಿತು. ರಸ್ತೆ ಬದಿಯಲ್ಲೇ ನೋಡಿದರೆ ಟೈಮಿಂಗ್ ಜಾರಿತ್ತು. ಅಲ್ಲೇ ಕೂರಿಸಿಕೊಂಡು ಹೋದರು, ಹೊಸನಗರ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಮರುದಿನವೂ ಅದೇ. ತಣ್ಣಗಿದ್ದಾಗ ಕುರಿಮರಿ, ಕಾದರೆ ಕೋಣ. ಹಲ್ಲಿನ ಚಕ್ರ ಬಿಗಿ ಸಾಲದು ಎಂದು ಬಿಗಿದರು. ಪಾಯಿಂಟು ಉಜ್ಜಿದರು. ಕಾರ್ಬೊರೇಟರ್ ಬಿಚ್ಚಿ ಊದಿದರು. ಪ್ಲಗ್ಗು ಬದಲಾಯಿಸಿದರು. ಪೆಟ್ರೋಲಿನಲ್ಲಿ ನೀರಿದೆ ಎಂದು ಸೋಸಿದರು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ಬೆಳಿಗ್ಗೆ ಗಾಡಿ ಹಿಂದಕ್ಕೆ ಒದ್ದು ಅವರ ಮೊಣಕಾಲ ಕೆಳಗೆ ಊದಿಕೊಂಡಿತು. ನಾನು ಅರಿಶಿನ ಅರೆದು ಹಚ್ಚುತ್ತಾ ಸುಮ್ಮನಿರಬೇಕಿತ್ತು, ಇರಲಿಲ್ಲ.

"ನಿಮ್ ಲೆಕ್ಕ ಎಲ್ಲೋ ತಪ್ಪಿದೆ. ದಿನಾ ಟೈಮಿಂಗು ಟೈಮಿಂಗು ಅಂತ ಅದನ್ನೇ ತಿರುಪ್ತೀರಿ!"

"ನೀನು ಕಾಗದ ಸರಿಯಾಗಿ ಹಿಡಿ ಮೊದ್ಲು. ಕುಣಿಯಕ್ಕೆ ಬರ್ದವ್ಳು ನೆಲ ಡೊಂಕು ಅಂದ್ಳಂತೆ."

"ಓಹೋ! ಕುಣಿಯೋರು ನೀವು, ನೆಲ ನಾನು. ನಾಳೆಯಿಂದ ಆ ಏಜೆಂಟ್ರ ಹೆಂಡ್ತಿ ಹತ್ರ ಹಿಡಿಸ್ಕಳಿ ಕಾಗದ!"

ಇದೆಲ್ಲ ಬಾಯಿ ಮಾತು. ನಮ್ಮಿಬ್ಬರಿಗೂ ಒಳಗೊಳಗೇ ಹೆದರಿಕೆ ಹಿಡಿದಿತ್ತು. ಅವರಿಗೆ ಹಸಿವು ಹೋಯಿತು, ನನಗೆ ತಲೆ ಬಾಚಿಕೊಳ್ಳುವುದು ಮರೆತು ಹೋಗುತ್ತಿತ್ತು.

ಕೊನೆಗೆ ಏಜೆಂಟರು, "ಇವತ್ತೂ ತಡ ಆದ್ರೆ ನನ್ನನ್ನ ಬೈಕಳ್ಬೇಡ" ಅಂದರು. ಅವತ್ತು ನಾನೂ ಹೊರಟೆ. ರಸ್ತೆಯಲ್ಲಿ ಟೈಮಿಂಗ್ ಜಾರಿದರೆ ಕಾಗದ ಹಿಡಿಯಲು ಒಬ್ಬರಿದ್ದರೆ ಬೇಗ ಆಗುತ್ತದೆ ಎಂಬ ಲೆಕ್ಕ. ಸೆರಗು ಸೊಂಟಕ್ಕೆ ಬಿಗಿದು, ಪೇಪರಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಪೇಟೆಯ ಜನ ಅಂಗಡಿಯಿಂದ ಇಳಿದು ಬಂದು ನೋಡಿದರು. ನೋಡಿಕೊಳ್ಳಲಿ, ಎಂದು ತಲೆ ಎತ್ತಿಕೊಂಡೇ ಹೋದೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಮನಸ್ಸಿನಲ್ಲಿ ಇರುವ ಬರುವ ದೇವರಿಗೆಲ್ಲ ಹರಕೆ ಹೊತ್ತುಕೊಳ್ಳುತ್ತಿದ್ದೆ.

ಬಟ್ಟೆಮಲ್ಲಪ್ಪದ ಆಚೆಯ ಏರಿನಲ್ಲಿ ಅದೇ ಢಂ ಢಂ. ನಿಂತಿತು. ಇಳಿದವಳ ಮೂಗಿಗೆ ಒಂದು ವಾಸನೆ ಬಡಿಯಿತು. ಪೆಟ್ರೋಲಿನದಲ್ಲ, ಎಣ್ಣೆಯದಲ್ಲ. ಕತ್ತಿಗೆ ಹಿಡಿ ಕೂರಿಸುವಾಗ ಅರಗು ಕಾಯಿಸುತ್ತಾರಲ್ಲ, ಆ ವಾಸನೆ.

"ಹೋಯ್, ಎಲ್ಲೋ ಅರಗು ಕಾದಿದೆ ಕಣ್ರೀ."

"ಮೋಟರ್ ಸೈಕಲ್ಲಲ್ಲಿ ಎಂತದೇ ಅರಗು!" ಎನ್ನುತ್ತಲೇ ಮ್ಯಾಗ್ನೆಟೋಕ್ಕೆ ಕೈ ಇಟ್ಟರು. ಅವತ್ತಿನ ತನಕ ಒಳಗಿನ ಉರುಳೆಯನ್ನು ಅವರು ಹೊರಗೆ ತೆಗೆದಿರಲಿಲ್ಲ. ಲಾರಿ ಶೆಡ್ಡಿನಲ್ಲಿ ಅಂಥದ್ದನ್ನು ಕಂಡೂ ಇರಲಿಲ್ಲ. ಈಗ ಬಿಚ್ಚಿ ಎಳೆದರೆ ಹಪ್ಪಳದ ಹಿಟ್ಟಿನಂತೆ ಅಂಟಂಟಾಗಿ ಎಳೆ ಬಂತು. ಅದನ್ನು ತಯಾರಿಸಿದವರು ತಂತಿಯ ಸುತ್ತುಗಳಿಗೆ ಅರಗು ಬಳಿದಿದ್ದರು. ಆ ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದದ್ದು. ಒಲೆಯ ಶಾಖಕ್ಕೆ ಅದು ಕರಗಿ ಹೊರಗೆ ಇಳಿದು, ತಣ್ಣಗಾಗಿ ಗಟ್ಟಿಯಾಗಿತ್ತು. ಗಾಡಿ ಕಾದಾಗಲೆಲ್ಲ ಮತ್ತೆ ಮೆತ್ತಗಾಗಿ ಉರುಳೆಯನ್ನು ಹಿಡಿದು ಎಳೆಯುತ್ತಿತ್ತು. ಉರುಳೆ ತಡೆದಾಗ ಹಲ್ಲಿನ ಚಕ್ರ ಕಂಬಿಯ ಮೇಲೆ ಜಾರುತ್ತಿತ್ತು. ಟೈಮಿಂಗ್ ತಪ್ಪುತ್ತಿದ್ದದ್ದು ನಿಜ. ನಾವು ದಿನಾ ಅದನ್ನು ಸರಿ ಮಾಡುತ್ತಿದ್ದದ್ದೂ ನಿಜ. ಅರಗು ಬಿಟ್ಟ ತಂತಿ ಮಾತ್ರ ಅಲ್ಲಲ್ಲಿ ಬರಿದಾಗಿ ಸುಟ್ಟು ಕಪ್ಪಾಗಿತ್ತು.

ಅವರು ಬೆರಳಿಗೆ ಅಂಟಿದ್ದನ್ನು ನೋಡುತ್ತಾ ಕೂತರು.

"ಒಲೆ ಮೇಲಿಟ್ಟಿದ್ದಕ್ಕಾ?" ಅಂದೆ.

"ಹೂಂ."

"ಮತ್ತೆ ಬಳಿಯಕ್ಕಾಗಲ್ವಾ?"

"ತಂತಿನೇ ಹೋಗಿದೆ ಮಾರಾಯ್ತಿ. ಬೊಂಬಾಯಿಗೆ ಕಳಿಸ್ಬೇಕು. ಯಾವ ಕಾಲಕ್ಕೆ ಬರ್ತದೋ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೇರೆ ದಿನವಾಗಿದ್ದರೆ ನಾನು ಅಂದೇಬಿಡುತ್ತಿದ್ದೆ. ಅವತ್ತು ಅಳು ಬಂತು. ರಸ್ತೆ ಎಂದು ನೋಡದೆ ಅಲ್ಲೇ ಕೂತು ಅತ್ತೆ. ಅಷ್ಟರಲ್ಲಿ ಹೊಸನಗರದ ಬಸ್ಸು ಬಂತು. ಯಜಮಾನರು ಎದ್ದು ಕೈ ಅಡ್ಡ ಮಾಡಿ ನಿಲ್ಲಿಸಿ, ನನ್ನ ತೊಡೆಯ ಮೇಲಿಂದ ಪೇಪರಿನ ಕಟ್ಟು ತಗೊಂಡು ಕಂಡಕ್ಟರಿನ ಕೈಗೆ ತಾವೇ ಕೊಟ್ಟರು.

ಗಾಡಿಯನ್ನು ಬಟ್ಟೆಮಲ್ಲಪ್ಪದ ಕಾಫಿ ಹೋಟ್ಲಿನ ಹಿಂದೆ ನಿಲ್ಲಿಸಿ ಬಂದೆವು. ತರಲು ಯಾರೂ ಹೋಗಲಿಲ್ಲ. ಲೈನು ಮತ್ತೆ ಬಸ್ಸಿನವರಿಗೇ ಹೋಯಿತು. ದೀಪಾವಳಿಗೆ ಮುಂಚೆ ಪಾತ್ರೆ ಪಗಡಿ ಗೋಣಿಯಲ್ಲಿ ಕಟ್ಟಿ, ಹೊಸನಗರದಲ್ಲಿ ಬಸ್ಸು ಬದಲಿಸಿ, ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ಅರಳಸುರಳಿ ಸೇರಿದೆವು. ದಾರಿಯುದ್ದಕ್ಕೂ ಇವರು ಒಂದೇ ಒಂದು ಮಾತು ಆಡಿದ್ದು, "ನಿಂಗೆ ಬಿಸಿಲು ಬೀಳ್ತದೆ, ಈಚೆ ಕೂತ್ಕ" ಅಂತ.

ಅಪ್ಪ ಕೆಟ್ಟವನಲ್ಲ. ಬಾಗಿಲಿಗೆ ಬಂದು ಕಾಲಿಗೆ ನೀರು ಕೊಡಿಸಿದ. "ಇದು ನಿಮ್ಮದೇ ಮನೆ, ಸಂಕೋಚ ಬ್ಯಾಡ" ಅಂದ. ಬದುಕಿರುವ ತನಕ ಒಂದು ದಿನವೂ ಹಂಗಿಸಲಿಲ್ಲ. ಹಂಗಿಸಿದ್ದರೆ ನನಗೆ ಜಗಳವಾಡಲಿಕ್ಕಾದರೂ ದಾರಿ ಇರುತ್ತಿತ್ತು.

ಸಾಗರದಲ್ಲಿ ಇವರು ಊಟಕ್ಕೆ ಕೂತರೆ ನನ್ನ ಜೀವ ತಿನ್ನುತ್ತಿದ್ದರು. ಉಪ್ಪು ತಾ, ಸಾರು ಬಿಸಿ ಮಾಡು, ಇನ್ನೊಂದು ಕಡುಬು ಹಾಕೇ, ಇಷ್ಟು ಬೇಗ ಮುಗೀತಾ ಅಂತ. ಅಪ್ಪನ ಮನೆಯಲ್ಲಿ ಒಮ್ಮೆ ಬಡಿಸಿದ್ದನ್ನು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ನಾನು ಎರಡನೇ ಸಲ ಬಡಿಸಲು ಬಾಗಿದರೆ ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎನ್ನುತ್ತಿದ್ದರು. ಗದ್ದೆ ಉತ್ತು ಬಂದವರಿಗೆ ಅಷ್ಟು ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇಡಿಕೊಂಡೆ, ಬೈದೆ, ಅತ್ತೆ. ಅಪ್ಪ ತೀರಿಕೊಂಡು ಮನೆ ನಮ್ಮದೇ ಆದ ಮೇಲೂ ಅವರು ಕೈ ಅಡ್ಡ ಹಿಡಿಯುವುದನ್ನು ಬಿಡಲಿಲ್ಲ.