ಒದ್ದೆ ಚಮಚ

ಆ ವರ್ಷದ ಉಪ್ಪಿನಕಾಯಿ ಕೆಡಿಸಿದ್ದು ನಾನೇ ಎಂಬುದನ್ನು ಇಲ್ಲೂ ಬರೆಯದೆ ಬಿಡುವವಳಿದ್ದೆ.

ನಿನ್ನೆ ಮಗಳು ಪಾಸ್ತಾಗೆ ಟೊಮೆಟೊ, ಬೆಳ್ಳುಳ್ಳಿ ಬಾಡಿಸಿದಳು. ಸಾಸ್ ಸಪ್ಪೆಯೆನಿಸಿ ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಹೊರಟಳು. ನಾನು ಕಿರುಚಿಬಿಟ್ಟೆ.

ಹೊಳೆನರಸೀಪುರದ ಮನೆಯಲ್ಲಿ ಶಾವಿಗೆಗೆ ಕಲಸಿಕೊಳ್ಳಲೆಂದು ಅಜ್ಜಿಯ ಜಾಡಿಗೆ ನಾನೂ ಹೀಗೇ ಒದ್ದೆ ಕೈ ಹಾಕಿದ್ದೆ. ಆಮೇಲೆ ದಿನಾ ಕದ್ದು ಮುಚ್ಚಳ ತೆಗೆದು ನೋಡುತ್ತಿದ್ದೆ. ಎಂಟನೇ ದಿನ ಬಿಳಿ ಬೂಸ್ಟು ಕಂಡಿತು.

ಅಜ್ಜಿ ಹಿಡಿದದ್ದು ಚಿಕ್ಕಮ್ಮನನ್ನು. "ಮುಟ್ಟಾದಾಗ ಜಾಡಿ ಮುಟ್ಟಿದೀಯ ಕಣೇ, ನಿಜ ಹೇಳು."

"ದೇವರಾಣೆ ಇಲ್ಲ ಅತ್ತೆ."

ವರ್ಷವಿಡೀ ಚಿಕ್ಕಮ್ಮ ಉಗ್ರಾಣದ ಹೊಸ್ತಿಲು ದಾಟುವಂತಿರಲಿಲ್ಲ. ಹೆದರಿ ನಾನು ಬಾಯಿ ಬಿಡಲಿಲ್ಲ. ಚಿಕ್ಕವಳಿದ್ದೆ ಅನ್ನಲೇ? ಆಮೇಲೆ ದೊಡ್ಡವಳಾದೆನಲ್ಲ.

ಚಿಕ್ಕಮ್ಮ ನನ್ನ ಪೋಸ್ಟುಗಳನ್ನೆಲ್ಲ ಓದುತ್ತಾರೆ. ಭಾನುವಾರ ಅವರೆದುರು ಕೂತು ನಾನೇ ಹೇಳಬೇಕು. ಇದನ್ನು ಇಲ್ಲಿ ಹಾಕುವುದು ಸೋಮವಾರ.