ಹುಡುಕಮ್ಮ ಮತ್ತು ವಿಳಾಸ ಹೇಳಲಾರದ ಸರ್ವರ್

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೆಟ್ಟಿಲಡಿಯ ಪುಟ್ಟ ಕೋಣೆಯಲ್ಲಿ, ಸ್ವೆಟರಿನ ಮೇಲೊಂದು ಶಾಲು ಹೊದ್ದ ಐವತ್ತರ ಹೆಂಗಸೊಬ್ಬರು ಕಂಪ್ಯೂಟರನ್ನು ಗದರುತ್ತಿದ್ದಾರೆ. "ಸಿಗ್ತಿಲ್ಲ, ಸಿಗ್ತಿಲ್ಲ ಅಂತ ಒಂದೇ ರಾಗ ಎಳೀಬೇಡ. ಎಲ್ಲಿ ಹೋಗಿ ಹುಡುಕ್ದೆ ಹೇಳು!" ಪರದೆಯ ಮೇಲೆ ಮತ್ತೆ ಅದೇ ಕೆಂಪು ಸಾಲು: ಯಾವ ಸರ್ವರೂ ಸಿಗುತ್ತಿಲ್ಲ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಹುಡುಕಮ್ಮ ಎಂದು. ಎರಡೂವರೆ ಲಕ್ಷ ರೋಗಿಗಳ ಹಳೆಯ ದಾಖಲೆಗಳಲ್ಲಿ ಬೇಕಾದ್ದನ್ನು ಕ್ಷಣದಲ್ಲಿ ಹೆಕ್ಕಿಕೊಡುವ ಸರ್ವರ್ ಒಂದಿದೆ. ಡಾಕ್ಟರು ಹೆಸರು ಟೈಪ್ ಮಾಡಿದರೆ ಆ ಸರ್ವರನ್ನು ಕೇಳಿ ಉತ್ತರ ತರುವುದು ಒಂದು ಜಾವಾ ಪ್ರೋಗ್ರಾಂ. ಇವೆರಡೂ ಮಾತು ಬಿಡದಂತೆ ನೋಡಿಕೊಳ್ಳುವುದೇ ಹುಡುಕಮ್ಮನ ಕೆಲಸ. ದಿನಕ್ಕೆ ಎಂಟುನೂರು ಹುಡುಕಾಟ ಸಲೀಸಾಗಿ ನಡೆದರೆ ಈ ಕೋಣೆಯ ನೆನಪೂ ಯಾರಿಗೂ ಆಗುವುದಿಲ್ಲ. ಆದರೆ ನಿನ್ನೆ ಸಂಜೆ ಸರ್ವರನ್ನು ಹಿಂದಿನ ಕಟ್ಟಡದ ಹೊಸ ಯಂತ್ರಕ್ಕೆ ಸಾಗಿಸಿದ್ದಾರೆ. ಆಗಿನಿಂದ ಎರಡಕ್ಕೂ ಮಾತಿಲ್ಲ.

ಮೇಲಿನಿಂದ ನರ್ಸ್ ಫೋನ್ ಮಾಡುತ್ತಾಳೆ. "ಅಕ್ಕಾ, ಒಂಬತ್ತಕ್ಕೆ ಒಬ್ರು ತಾತಂದು ಮಂಡಿ ಆಪರೇಷನ್. ಹಿಂದೊಂದ್ಸಲ ಅರಿವಳಿಕೆ ಔಷಧಿ ಮೈಗೆ ಒಗ್ಗಿಲ್ವಂತೆ. ಯಾವ್ದು ಅಂತ ಅವ್ರಿಗೆ ನೆನಪಿಲ್ಲ. ಎಂಟೂವರೆ ಒಳಗೆ ಹಳೇ ದಾಖಲೆ ಸಿಗದಿದ್ರೆ ಮುಂದಕ್ಕೆ ಹಾಕ್ತಾರೆ."

"ಎಷ್ಟು ಮುಂದಕ್ಕೆ?"

"ಮೂರು ತಿಂಗಳು. ಪಾಪ, ಈ ದಿನಕ್ಕೇ ಅಷ್ಟು ಕಾದಿದಾರೆ."

"ತಾತಂಗೆ ಏನೂ ಹೇಳ್ಬೇಡ. ನಾನಿದೀನಿ."

ಹುಡುಕಮ್ಮ ಇಲ್ಲಿಗೆ ಬಂದದ್ದು ಫೈಲು ಹೊರುವ ಕೆಲಸಕ್ಕೆ. ಏಣಿ ಹತ್ತಿ, ಧೂಳು ಕುಡಿದು, ಹನ್ನೆರಡು ವರ್ಷ ಕಳೆದ ಮೇಲೆ ಫೈಲುಗಳೆಲ್ಲ ಕಂಪ್ಯೂಟರ್ ಸೇರಿದವು. ಇನ್ನು ನಿಮಗೆ ಕೆಲಸವಿಲ್ಲ ಎಂದರು. ಆಗ ಅವರಿಗೆ ನಲವತ್ತು. ಮಗಳ ಕಾಲೇಜು ಪುಸ್ತಕ ಹಿಡಿದು ಅಡುಗೆಮನೆಯಲ್ಲೇ ಪಾಠ ಶುರು. "ಒಲೆ ಮೇಲೆ ಹಾಲಿಟ್ಟು ಓದ್ತಿದ್ದೆ. ಜಾವಾ ಬಂತು, ನಾಲ್ಕು ಪಾತ್ರೆ ಹೋಯ್ತು" ಎಂದು ನಗುತ್ತಾರೆ. ಕಲಿತು ಇದೇ ಆಸ್ಪತ್ರೆಗೆ, ಈ ಕೋಣೆಗೆ ಮರಳಿದರು.

ಅವರ ಪರೀಕ್ಷೆಗೊಂದು ಕ್ರಮವಿದೆ. ಮೊದಲ ಅನುಮಾನ ತಮ್ಮ ಮೇಲೆಯೇ. ತಂತಿ ಸರಿಯಿದೆಯೇ? ಇದೆ. ಸರ್ವರಿನ ಬಾಗಿಲ ಸಂಖ್ಯೆ, ಅಂದರೆ ಪೋರ್ಟ್? ತಾಳೆಯಾಗುತ್ತಿದೆ. ಸರ್ವರಿನ ಹೆಸರನ್ನು ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತಾರೆ. ತಪ್ಪಿಲ್ಲ. ಆದರೂ ಒಂದು ಕ್ಷಣ ಸೇರಿದ ಸಂಪರ್ಕ ಮರುಕ್ಷಣ ಕಡಿದುಹೋಗುತ್ತದೆ. "ಕೈ ಕುಲುಕಿ ಮುಖ ತಿರುಗಿಸ್ದಂಗೆ. ಯಾರೋ ಏನೋ ಅಂದಿದಾರೆ." ಏನಂದರು ಎಂದು ತಿಳಿಯಲು, ಪ್ರತಿ ಹೆಜ್ಜೆಯನ್ನೂ ಬರೆದಿಡುವಂತೆ ಪ್ರೋಗ್ರಾಮಿಗೆ ಅಪ್ಪಣೆಯಾಗುತ್ತದೆ. ಸಾಲುಗಳು ಸುರಿಯುತ್ತವೆ. ಏಳೂಮುಕ್ಕಾಲಿಗೆ ಒಂದು ಸಾಲಿನ ಮುಂದೆ ಹುಡುಕಮ್ಮ ಕನ್ನಡಕ ತೆಗೆದು ಜೋರಾಗಿ ನಗುತ್ತಾರೆ.

ಪ್ರೋಗ್ರಾಂ ಸರಿಯಾದ ಮನೆಗೇ ಹೋಗಿದೆ. ಹೋಗಿ, ಇನ್ನು ಮುಂದೆ ಎಲ್ಲಿಗೆ ಬರಲಿ, ನಿನ್ನ ಕಾಯಂ ವಿಳಾಸ ಯಾವುದು ಎಂದು ಕೇಳಿದೆ. ಹೊಸ ಯಂತ್ರದಲ್ಲಿ ವಿಳಾಸ ತುಂಬಲು ಮರೆತಿದ್ದರಿಂದ ಸರ್ವರ್ "ಇಲ್ಲೇ" ಎಂದಿದೆ. ಆ "ಇಲ್ಲೇ"ಯನ್ನು ನಂಬಿದ ಪ್ರೋಗ್ರಾಂ ತನ್ನದೇ ಯಂತ್ರದೊಳಗೆ ತಡಕಾಡಿ, ಯಾರೂ ಇಲ್ಲವೆಂದು ಗೋಳಾಡುತ್ತಿದೆ.

"ನಮ್ಮತ್ತೇನೂ ಹೀಗೇ! ಪೇಟೆಲಿ ತಪ್ಪಿಸ್ಕೊಂಡಾಗ ಫೋನ್ ಮಾಡಿ ಎಲ್ಲಿದೀರಿ ಅಂದ್ರೆ, ಇಲ್ಲೇ ಇದೀನಲ್ಲೇ, ಕಣ್ಣು ಕಾಣಲ್ವಾ ಅಂತಾರೆ. ಅವ್ರು ಹೇಳೋದೂ ಸುಳ್ಳಲ್ಲ!"

ಒಂದು ಸಾಲಿನಲ್ಲಿ ನಿಜವಾದ ವಿಳಾಸ ಬರೆದು ಸರ್ವರನ್ನು ಮತ್ತೆ ಎಬ್ಬಿಸುತ್ತಾರೆ. ಎಂಟೂ ಹತ್ತಕ್ಕೆ ತಾತನ ಹೆಸರು ಟೈಪ್ ಮಾಡುತ್ತಾರೆ. ಹದಿನಾರು ವರ್ಷ ಹಿಂದಿನ ಹಾಳೆ, ಔಷಧಿಯ ಹೆಸರಿನ ಸಮೇತ, ಪರದೆಯ ಮೇಲೆ ತೆರೆದುಕೊಳ್ಳುತ್ತದೆ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಮತ್ತೆ ಫೋನ್. "ಔಷಧಿ ಬದಲಾಯ್ಸಿದ್ರು ಅಕ್ಕಾ, ತಾತನ್ನ ಒಳಗೆ ಕರ್ಕೊಂಡ್ರು. ಹೋಗ್ತಾ ನಂಗೇ ಧೈರ್ಯ ಹೇಳಿ ಹೋದ್ರು!"

ಇಷ್ಟೆಲ್ಲ ಮಾಡುವ ನಿಮಗೊಂದು ಆಸೆಯಿಲ್ಲವೇ ಎಂದರೆ ಹುಡುಕಮ್ಮ ಶಾಲು ಮಡಚುತ್ತಾ ಸ್ವಲ್ಪ ನಾಚುತ್ತಾರೆ.

"ಎರಡೂವರೆ ಲಕ್ಷ ಜನರ ದಾಖಲೆ ನನ್ನ ಹತ್ರ ಇದೆ, ಮುಖ ಒಂದೂ ಗೊತ್ತಿಲ್ಲ. ಈ ತಾತ ಮನೆಗೆ ಹೋಗೋ ದಿನ ಗೇಟ್ ಹತ್ರ ನಿಂತ್ಕೋಬೇಕು ಅಂತಿದೀನಿ. ಮಾತಾಡ್ಸಲ್ಲ. ಹೊಸ ಮಂಡಿಲಿ ಹೇಗೆ ಹೆಜ್ಜೆ ಹಾಕ್ತಾರೆ, ಅಷ್ಟು ನೋಡಿ ಬರ್ತೀನಿ."